ಹಡಗಿನ ಬಾಗಿಲಲ್ಲಿ ಬಾಟಲಿ ತಡೆದವಳು

ನಮ್ಮ ಬೀದಿಯ ಕೊನೆಯ ಮನೆಯ ದಿವ್ಯಾಗೆ ಹೋದ ತಿಂಗಳು ಪ್ರವಾಸಿ ಹಡಗೊಂದರಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿತು. ಆರ್ಡರ್ ಕಾಗದ ಹಿಡಿದುಕೊಂಡು ಗರುಡಾಚಾರ್‌ಪಾಳ್ಯದ ನನ್ನ ಮನೆಗೆ ಬಂದಳು. "ಆಂಟಿ, ನೀವು ಹದಿನಾಲ್ಕು ವರ್ಷ ಮಾಡಿದ್ದೀರಲ್ಲ, ಅಲ್ಲಿ ನಿಜವಾಗ್ಲೂ ಏನ್ ಕೆಲ್ಸ ಇರುತ್ತೆ?" ಎಂದು ಕೇಳಿದಳು.

"ಬಾಟ್ಲಿ ಹುಡ್ಕೋದು," ಎಂದೆ.

ಅವಳು ನಕ್ಕಳು. ಬಾಂಬು, ಬೆಂಕಿ, ಕಡಲ್ಗಳ್ಳರು ಎಂದೆಲ್ಲ ತರಬೇತಿಯಲ್ಲಿ ಹೇಳಿಕೊಟ್ಟಿದ್ದರಂತೆ. ಹೇಳಿಕೊಡಬೇಕಾದದ್ದೇ. ಆದರೆ ಹದಿನಾಲ್ಕು ವರ್ಷದಲ್ಲಿ ನಾನು ಬಾಂಬು ನೋಡಲಿಲ್ಲ, ಕಡಲ್ಗಳ್ಳನನ್ನೂ ನೋಡಲಿಲ್ಲ. ದಿನಾ ನೋಡಿದ್ದು ಬಾಟಲಿ. ಹಡಗಿನೊಳಗೆ ಹತ್ತಾರು ಬಾರುಗಳಿರುತ್ತವೆ. ಕುಡಿಯುವವರು ಅಲ್ಲಿ ಕುಡಿಯಬೇಕು, ಹೊರಗಿನಿಂದ ತರಬಾರದು ಎಂಬುದು ಕಂಪನಿಯ ನಿಯಮ. ತಮ್ಮ ವ್ಯಾಪಾರ ಕೆಡಬಾರದು ಎಂಬುದು ಒಂದು ಕಾರಣ. ಕ್ಯಾಬಿನ್ನಿನಲ್ಲಿ ಬಾಗಿಲು ಹಾಕಿಕೊಂಡು ಎಷ್ಟು ಕುಡಿದರೋ ಯಾರಿಗೂ ತಿಳಿಯುವುದಿಲ್ಲ, ಸುತ್ತ ಸಮುದ್ರ ಎಂಬುದು ಇನ್ನೊಂದು. ಪ್ರಯಾಣಿಕರಿಗೆ ಎರಡು ಕಾರಣವೂ ಒಪ್ಪಿಗೆಯಾಗುವುದಿಲ್ಲ. ಅವರು ತರುತ್ತಾರೆ, ನಾವು ತಡೆಯುತ್ತೇವೆ. ದಿವ್ಯಾಗೆ ಇಷ್ಟು ಹೇಳಿ, ಕಾಫಿ ಕೊಟ್ಟು ಕಳಿಸಿದೆ. ಉಳಿದದ್ದನ್ನು ಎದುರಿಗೆ ಕೂತು ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹಡಗಿಗೆ ಹೋಗುವ ಮೊದಲು ನಾನು ಹಳೇ ಮದ್ರಾಸ್ ರಸ್ತೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಹೆಂಗಸರ ಗೇಟು ಕಾಯುತ್ತಿದ್ದೆ. ಶಿಫ್ಟು ಮುಗಿಸಿ ಹೊರಡುವವರ ಚೀಲ, ಊಟದ ಡಬ್ಬಿ ನೋಡಿ ಕಳಿಸುವ ಕೆಲಸ. ತೊಂಬತ್ತರ ದಶಕದ ನಡುವೆ ಆ ಕಾರ್ಖಾನೆ ಮುಚ್ಚಿತು. ಅಷ್ಟರಲ್ಲಿ ಅಪ್ಪ ರಿಟೈರ್ ಆಗಿ, ಅವರ ಕಂಪನಿ ಕೊಟ್ಟಿದ್ದ ಕ್ವಾರ್ಟರ್ಸ್ ಬಿಟ್ಟಾಗಿತ್ತು. ಕೆ.ಆರ್. ಪುರಂನ ಅಣ್ಣನ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಇದ್ದೆವು. ನನಗೆ ಮೂವತ್ತಮೂರು ವರ್ಷ. ಮದುವೆಯ ಮಾತುಗಳು ಬಂದು ಬಂದು ಕೊನೆಗೆ ನಿಂತೇಹೋಗಿದ್ದವು. ಹಡಗಿಗೆ ಮಹಿಳಾ ಸೆಕ್ಯುರಿಟಿ ಬೇಕಾಗಿದ್ದಾರೆ ಎಂಬ ಜಾಹೀರಾತು ಪೇಪರಿನಲ್ಲಿ ಬಂದಾಗ ಅರ್ಜಿ ಹಾಕಿದೆ. ಕೆಲಸ ಸಿಗುತ್ತದೆ ಎಂದು ನಂಬಿರಲಿಲ್ಲ.

"ನೀರಿನ್ ಮೇಲೆ, ಅಷ್ಟೊಂದ್ ಗಂಡಸರ ಮಧ್ಯೆ ಏನ್ ಮಾಡ್ತೀಯೇ ವಿಮಲಾ?" ಎಂದಳು ಅಮ್ಮ.

"ಗೇಟ್ ಕಾಯ್ತೀನಮ್ಮಾ. ಇಲ್ಲಿ ಮಾಡ್ತಿದ್ದಿದ್ದೇ," ಎಂದೆ.

ನಮ್ಮ ಮುಖ್ಯಾಧಿಕಾರಿ ಗುರುಂಗ್ ಸಾಹೇಬರು. ಸೈನ್ಯದಿಂದ ನಿವೃತ್ತರಾಗಿ ಬಂದ ನೇಪಾಳಿ. ಗಿಡ್ಡ ಆಳು, ಮಾತು ಬಹಳ ಕಡಿಮೆ. ನನ್ನ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ಮೊದಲ ದಿನವೇ ಮೇಜಿನ ಮೇಲೆ ಎರಡು ಹಸಿರು ಬಾಟಲಿ ಇಟ್ಟರು. ಎರಡೂ ಬಾಯಿ ಮುಕ್ಕಳಿಸುವ ಔಷಧದ ಬಾಟಲಿಗಳು, ಎರಡಕ್ಕೂ ಸೀಲು ಇದ್ದ ಹಾಗೇ ಕಾಣುತ್ತಿತ್ತು. "ಇದರಲ್ಲಿ ಒಂದರಲ್ಲಿ ವೋಡ್ಕಾ ಇದೆ. ಮುಚ್ಚಳ ತೆಗೀದೆ ಯಾವುದು ಅಂತ ಹೇಳು," ಎಂದರು. ನಾನು ಬಣ್ಣ ನೋಡಿದೆ, ತೂಗಿದೆ, ಮೂಸಿದೆ. ಗೊತ್ತಾಗಲಿಲ್ಲ. ಅವರು ಎರಡನ್ನೂ ಒಮ್ಮೆ ಕುಲುಕಿ ಇಟ್ಟರು. ಒಂದರಲ್ಲಿ ನೊರೆ ಎದ್ದು ಹಾಗೇ ನಿಂತಿತು. ಇನ್ನೊಂದರಲ್ಲಿ ಗುಳ್ಳೆ ಎದ್ದು ಅಲ್ಲೇ ಒಡೆದುಹೋಯಿತು. ನಿಲ್ಲದ ಗುಳ್ಳೆಯೇ ವೋಡ್ಕಾ. ನನಗೆ ಸಿಕ್ಕ ತರಬೇತಿ ಅಷ್ಟೇ. ಅದು ಕೊನೆಯವರೆಗೂ ಕೈಬಿಡಲಿಲ್ಲ.

ಜನ ಏನೇನು ತರುತ್ತಿದ್ದರು! ಬಿಸಿಲಿಗೆ ಹಚ್ಚುವ ಕ್ರೀಮಿನ ಟ್ಯೂಬಿನಲ್ಲಿ ರಮ್ಮು. ಕಣ್ಣಿಗಿಟ್ಟರೆ ಏನೂ ಕಾಣದ ಟೊಳ್ಳು ಬೈನಾಕ್ಯುಲರ್ ತುಂಬ ವಿಸ್ಕಿ. ಒಬ್ಬ ನಿವೃತ್ತ ಮೇಷ್ಟ್ರು ಒಂದು ಡಜನ್ ಕಿತ್ತಳೆ ಹಣ್ಣಿಗೆ ಸೂಜಿಯಲ್ಲಿ ವೋಡ್ಕಾ ಏರಿಸಿಕೊಂಡು ಬಂದಿದ್ದರು. ಸಿಕ್ಕಿಬಿದ್ದಾಗ ತಾವೇ ಒಂದನ್ನು ಸುಲಿದು ನನ್ನ ಮುಂದೆ ಹಿಡಿದರು. ಆಮೇಲೆ ಎಕ್ಸ್‌ರೇ ಯಂತ್ರ ಬಂತು. ಗಾಜಿನ ಬಾಟಲಿ ಎಲ್ಲಿ ಅಡಗಿಸಿದ್ದರೂ ತೆರೆಯ ಮೇಲೆ ಕಾಣಿಸತೊಡಗಿತು. ಅದಕ್ಕೆ ಜನ ಮೆತ್ತನೆಯ ಪ್ಲಾಸ್ಟಿಕ್ ಚೀಲ ಕಂಡುಕೊಂಡರು. ಬಟ್ಟೆಯ ಮಡಿಕೆಯಲ್ಲಿ ಇಟ್ಟರೆ ಯಂತ್ರಕ್ಕೂ ಆಕಾರ ತಿಳಿಯುತ್ತಿರಲಿಲ್ಲ. ಅಮೆರಿಕದಲ್ಲಿ ಆ ಎರಡು ಕಟ್ಟಡಗಳು ಬಿದ್ದ ಮೇಲೆ ಎರಡು ವರ್ಷ ಬಾಟಲಿಯನ್ನು ಕೇಳುವವರೇ ಇರಲಿಲ್ಲ. ಉಗುರು ಕತ್ತರಿಸುವ ಕಟರು, ಹೊಲಿಗೆ ಸೂಜಿ ಹುಡುಕಿದ್ದೇ ಹುಡುಕಿದ್ದು. ನಿಧಾನವಾಗಿ ಮತ್ತೆ ಬಾಟಲಿಗೆ ಬಂದೆವು.

ಹಿಡಿದದ್ದನ್ನು ಎಸೆಯುತ್ತಿರಲಿಲ್ಲ. ಪ್ರತಿ ಬಾಟಲಿಗೂ ಕ್ಯಾಬಿನ್ ನಂಬರಿನ ಚೀಟಿ ಕಟ್ಟಿ, ಕೆಳಗಿನ ಅಂತಸ್ತಿನ ಕಿಟಕಿಯಿಲ್ಲದ ಕೋಣೆಯಲ್ಲಿಟ್ಟು, ಪ್ರವಾಸದ ಕೊನೆಯ ಸಂಜೆ ವಾಪಸ್ ಕೊಡುತ್ತಿದ್ದೆವು. ಆ ಕೋಣೆಯ ಉಸ್ತುವಾರಿ ನನ್ನದು. ಯಾರೂ ಕೇಳದೆ ಉಳಿದದ್ದನ್ನು ಇಬ್ಬರ ಸಹಿ ಹಾಕಿಸಿ ಸಿಂಕಿಗೆ ಸುರಿಯಬೇಕು. ಯಾರದೋ ಹುಟ್ಟುಹಬ್ಬಕ್ಕೆ, ಯಾರದೋ ಮದುವೆಯ ದಿನದ ನೆನಪಿಗೆ ಎಂದು ತಂದ ಬಾಟಲಿಗಳು. ಸುರಿದ ದಿನ ಎಷ್ಟು ಸೋಪು ಹಾಕಿ ತೊಳೆದರೂ ಕೈಯಿಂದ ವಾಸನೆ ಹೋಗುತ್ತಿರಲಿಲ್ಲ. ಆ ಕೈಯಲ್ಲೇ ಮೆಸ್ಸಿನಲ್ಲಿ ಅನ್ನ ಕಲಸಿ ಒಬ್ಬಳೇ ಉಣ್ಣುತ್ತಿದ್ದೆ. ನನ್ನ ಕ್ಯಾಬಿನ್ನಿನಲ್ಲಿದ್ದ ಫಿಲಿಪ್ಪೀನ್ಸಿನ ಹುಡುಗಿಗೂ ನನಗೂ ಪಾಳಿ ಬೇರೆ. ಅವಳು ಬರುವಾಗ ನಾನು ಹೊರಡುತ್ತಿದ್ದೆ. ಹಲೋ ಅಂದರೆ ಅದೇ ಆ ದಿನದ ಮಾತು.

ನಾನು ಮಾಡಿದ ಒಂದು ಸಣ್ಣ ತಪ್ಪನ್ನು ಮೊದಲು ಹೇಳುತ್ತೇನೆ. ಐದು ತಿಂಗಳಿಂದ ಕಿವಿಗೆ ಒಂದು ಕನ್ನಡದ ಮಾತು ಬಿದ್ದಿರಲಿಲ್ಲ. ಅಮೆರಿಕದಲ್ಲಿರುವ ಮಗಳ ಸಂಸಾರದ ಜೊತೆ ಒಬ್ಬ ಅಜ್ಜಿ ಹಡಗು ಹತ್ತಿದರು. ಅವರ ಚೀಲದಲ್ಲಿ ಕಂದು ಬಣ್ಣದ ಒಂದು ಬಾಟಲಿ ಸಿಕ್ಕಿತು. ಅದರ ಚೀಟಿಯಲ್ಲಿ ಆಲ್ಕೋಹಾಲ್ ಇದೆ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ನೋಡಿದ ತಕ್ಷಣ ದಶಮೂಲಾರಿಷ್ಟ ಎಂದು ಗೊತ್ತಾಯಿತು, ನಮ್ಮಮ್ಮನೂ ಅದನ್ನು ಕುಡಿಯುತ್ತಿದ್ದಳು. ಆದರೆ ನನ್ನ ಪಕ್ಕದಲ್ಲಿ ಹೊಸ ಮೇಲ್ವಿಚಾರಕ ನಿಂತಿದ್ದ. ಚೀಟಿಯಲ್ಲಿ ಬರೆದದ್ದೇ ನಿಯಮ ಎಂದು ಬಾಟಲಿ ತೆಗೆದು ಪಕ್ಕಕ್ಕಿಟ್ಟೆ. ಅಜ್ಜಿ ಮಗಳ ಕಡೆ ತಿರುಗಿ, "ಈ ಹಾಳಾದೋಳಿಗೆ ಕೊನೆಗಾಲದಲ್ಲಿ ಒಂದ್ ತೊಟ್ಟು ಔಷಧ ಸಿಗದೇ ಹೋಗ್ಲಿ," ಎಂದರು.

ಅದನ್ನು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ ನಗುತ್ತಲೇ ನಿಂತುಬಿಟ್ಟೆ. ಬೈಗುಳವಾದರೇನು, ಕನ್ನಡ. ಪಾಳಿ ಮುಗಿದ ಮೇಲೆ ಹಡಗಿನ ಡಾಕ್ಟರರಿಂದ ಚೀಟಿ ಬರೆಸಿ, ಬಾಟಲಿಯನ್ನು ಅವರ ಕ್ಯಾಬಿನ್ನಿಗೆ ಒಯ್ದೆ. "ಅಜ್ಜೀ, ತಗೊಳ್ಳಿ ನಿಮ್ಮ ಅರಿಷ್ಟ," ಎಂದೆ. ಅಜ್ಜಿ ಬಾಯಿಗೆ ಕೈ ಇಟ್ಟುಕೊಂಡರು. "ಅಯ್ಯೋ, ನೀನು ನಮ್ಮೋಳಾ? ಮತ್ತೆ ಆಗ ಯಾಕಮ್ಮ ಬಾಯಿ ಬಿಡ್ಲಿಲ್ಲ?"

ಬಾಟಲಿಯನ್ನು ಅವರ ಕೈಗಿಟ್ಟು ಕೆಳಗೆ ಬಂದೆ.

ಮೂರನೆಯ ವರ್ಷ ಆರೋಗ್ಯರಾಜ್ ಬಂದ. ಎದೆಯ ಬಿಲ್ಲೆಯ ಮೇಲೆ ಬರೀ ರಾಜ್ ಎಂದಿತ್ತು. ಪ್ರಯಾಣಿಕರ ಕೋಣೆ ಗುಡಿಸಿ ಹಾಸಿಗೆ ಹಾಸುವ ಸ್ಟೂವರ್ಡ್. ಫೋನು ಮಾಡಲು ಸಿಬ್ಬಂದಿ ಸಾಲುಗಟ್ಟಿ ನಿಲ್ಲುತ್ತಿದ್ದ ಕಡೆ ಒಂದು ದಿನ ನನ್ನ ಮುಂದಿದ್ದವನು, "ಹೇ ಮಗಾ, ಬಂದ್ಬಿಟ್ಟೆ ಕಣೋ, ಚೆನ್ನಾಗಿದ್ದೀನಿ," ಎಂದು ಕೂಗುತ್ತಿದ್ದ. ಫೋನು ಇಡುವವರೆಗೆ ಕಾದು, "ಎಲ್ಲಿಯವರಪ್ಪಾ?" ಎಂದೆ. ಅವನು ಗಕ್ಕನೆ ತಿರುಗಿದ. "ಹಲಸೂರಕ್ಕಾ! ಮಾರ್ಕೆಟ್ ಹಿಂದ್ಗಡೆ. ನೀವು?"

ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಶಿವಾಜಿನಗರದ ಗೆಳೆಯರ ಜೊತೆ ಉರ್ದು. ಎಲ್ಲವನ್ನೂ ಕಲಸಿ ಮಾತಾಡುತ್ತಿದ್ದ. ಊರಿನಲ್ಲಿ ತಾಯಿ, ಹೆಂಡತಿ, ಒಂದು ಹೆಣ್ಣು ಮಗು. ನನಗಿಂತ ಐದಾರು ವರ್ಷ ಚಿಕ್ಕವನು. ದಿನಾ ಮಧ್ಯಾಹ್ನ ಮೆಸ್ಸಿನಲ್ಲಿ ಇಪ್ಪತ್ತು ನಿಮಿಷ ನಮ್ಮ ಬಿಡುವು ಒಟ್ಟಿಗೆ ಬೀಳುತ್ತಿತ್ತು. ಅವನು ಅಡುಗೆಮನೆಯವರನ್ನು ಕಾಡಿ ಒಂದು ಬಟ್ಟಲು ಮೊಸರು ತಂದಿಡುತ್ತಿದ್ದ. "ಅಕ್ಕಾ, ಹುಳಿ ಇಲ್ಲ, ಸಕ್ಕರೆ ಇಲ್ಲ, ನಮ್ ಥರದ್ದೇ," ಎನ್ನುತ್ತಿದ್ದ. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆ, ಅವನ ಮಗಳು ಎಷ್ಟು ಹಲ್ಲು ಬೀಳಿಸಿಕೊಂಡಿದ್ದಾಳೆ, ಇಂಥ ಮಾತು. ದೊಡ್ಡ ವಿಷಯ ಒಂದೂ ಆಡಲಿಲ್ಲ. ಆ ಇಪ್ಪತ್ತು ನಿಮಿಷಕ್ಕಾಗಿ ಉಳಿದ ಹೊತ್ತನ್ನು ಕಳೆಯುತ್ತಿದ್ದೆ.

ಮರುವರ್ಷ ಅವನು ರಜೆಗೆ ಊರಿಗೆ ಹೋಗಿ ನವೆಂಬರಿನಲ್ಲಿ ಹಡಗಿಗೆ ಮರಳಿದ. ಸಿಬ್ಬಂದಿ ಒಳಬರುವ ಬಾಗಿಲಿನ ಯಂತ್ರದ ಮುಂದೆ ಆ ದಿನ ನಾನಿದ್ದೆ. ಅವನ ಚೀಲ ಒಳಗೆ ಹೋದಾಗ ತೆರೆಯ ಮೇಲೆ ಟವೆಲಿನಲ್ಲಿ ಸುತ್ತಿದ ದೊಡ್ಡ ಪ್ಲಾಸ್ಟಿಕ್ ಬಾಟಲಿ ಕಂಡಿತು. ಚೀಲ ತೆರೆಸಿದೆ. ತಂಪು ಪಾನೀಯದ ಹಳೆಯ ಬಾಟಲಿ, ಒಳಗೆ ಕಡುಗೆಂಪು ದ್ರವ, ಮುಚ್ಚಳದ ಸುತ್ತ ಟೇಪು.

"ಅಮ್ಮ ಮಾಡಿದ್ ದ್ರಾಕ್ಷಿ ವೈನ್ ಅಕ್ಕಾ," ಎಂದ, ಮೆಲ್ಲಗೆ. "ಪ್ರತಿ ವರ್ಷ ಮನೇಲಿ ಮಾಡ್ತಾರೆ. ಕ್ರಿಸ್ಮಸ್‌ಗೆ ಊರಲ್ಲಿರಲ್ವಲ್ಲ, ತಗೊಂಡ್ ಹೋಗು ಅಂದ್ರು. ಬೇಡ ಅನ್ನಕ್ಕಾಗ್ಲಿಲ್ಲ."

ಪ್ರಯಾಣಿಕರ ಬಾಟಲಿಯಾದರೆ ಚೀಟಿ ಕಟ್ಟಿ ಇಡಬಹುದು. ಸಿಬ್ಬಂದಿಗೆ ಆ ಅನುಕೂಲವಿರಲಿಲ್ಲ. ಹಿಡಿದರೆ ಬರೆದುಕೊಳ್ಳಬೇಕು, ಬರೆದುಕೊಂಡರೆ ವಿಚಾರಣೆ. ಅವನಿಗೂ ಗೊತ್ತಿತ್ತು. ಅವನ ಹಿಂದೆ ಯಾರೂ ಇರಲಿಲ್ಲ. ನಾನು ಟವೆಲನ್ನು ಮತ್ತೆ ಸುತ್ತಿ ಚೀಲದ ಜಿಪ್ಪು ಎಳೆದೆ.

"ಹೋಗು," ಎಂದೆ. "ನಾನು ನೋಡಿಲ್ಲ."

ಡಿಸೆಂಬರ್ ಇಪ್ಪತ್ಮೂರರಂದು ಸಿಬ್ಬಂದಿಯ ಕ್ಯಾಬಿನ್ನುಗಳ ತಪಾಸಣೆ ನಡೆಯಿತು. ಅವನ ಬೀರುವಿನಲ್ಲಿ ಬಾಟಲಿ ಸಿಕ್ಕಿತು. ಟೇಪು ಇನ್ನೂ ಬಿಚ್ಚಿರಲಿಲ್ಲ.

ಮರುದಿನ ಕ್ಯಾಪ್ಟನ್ನರ ಮುಂದೆ ವಿಚಾರಣೆ. ಉದ್ದನೆಯ ಮೇಜು. ಒಂದು ಕಡೆ ಕ್ಯಾಪ್ಟನ್, ಹೋಟೆಲ್ ವಿಭಾಗದ ಮ್ಯಾನೇಜರ್, ಗುರುಂಗ್ ಸಾಹೇಬರು. ಎದುರಿಗೆ ರಾಜ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನು ರಜೆಯಿಂದ ಮರಳಿದ ದಿನ ಬಾಗಿಲಲ್ಲಿದ್ದವರು ಯಾರೆಂದು ಪಾಳಿ ಪುಸ್ತಕ ನೋಡಿ ನನ್ನನ್ನು ಕರೆಸಿದರು. ಬಾಟಲಿ ಮೇಜಿನ ಮೇಲಿತ್ತು.

"ಇದನ್ನು ನೋಡಿದ್ದೀಯಾ?" ಎಂದು ಗುರುಂಗ್ ಸಾಹೇಬರು ಇಂಗ್ಲಿಷಿನಲ್ಲಿ ಕೇಳಿದರು.

ರಾಜ್ ನನ್ನನ್ನು ನೋಡುತ್ತಿದ್ದ. ಬೇಡುವ ನೋಟವಲ್ಲ ಅದು. ಸುಮ್ಮನೆ ನೋಡುತ್ತಿದ್ದ. ಹೌದು, ಇದು ಅವನ ತಾಯಿ ಮಾಡಿದ್ದು, ಹಬ್ಬಕ್ಕೆಂದು ತಂದದ್ದು, ಒಳಗೆ ಬಿಟ್ಟವಳು ನಾನು. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಇಬ್ಬರಿಗೂ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದರೋ, ಇಬ್ಬರನ್ನೂ ಮನೆಗೆ ಕಳಿಸುತ್ತಿದ್ದರೋ, ಈಗಲೂ ನನಗೆ ತಿಳಿಯದು. ಆಗ ನನ್ನ ಕಣ್ಣಿಗೆ ಕಂಡದ್ದು ಅಣ್ಣನ ಮನೆಯ ಪಡಸಾಲೆಯ ಮೂಲೆಯಲ್ಲಿ ಸುತ್ತಿಟ್ಟ ನನ್ನ ಹಾಸಿಗೆ.

"ಇಲ್ಲ ಸರ್. ನೋಡಿಲ್ಲ," ಎಂದೆ.

ಆಮೇಲೆ ಕ್ಯಾಪ್ಟನ್, ಹಾಗಾದರೆ ಇದು ಒಳಗೆ ಹೇಗೆ ಬಂತು ಎಂದು ರಾಜ್‌ನನ್ನು ಕೇಳಿದರು. ಅವನು ನನ್ನ ಮೇಲಿಂದ ಕಣ್ಣು ತೆಗೆದ.

"ಕೋಟಿನೊಳಗೆ ಅಡಗಿಸಿಕೊಂಡಿದ್ದೆ ಸರ್. ಆಕೆ ನೋಡಲಿಲ್ಲ," ಎಂದ.

ವಿಚಾರಣೆ ಹತ್ತು ನಿಮಿಷವೂ ನಡೆಯಲಿಲ್ಲ. ಹಡಗು ಪ್ರವಾಸ ಮುಗಿಸಿ ತಾನು ಹೊರಟ ಬಂದರಿಗೆ ಮರಳುವ ಇಪ್ಪತ್ತಾರನೆಯ ತಾರೀಕು ಅವನನ್ನು ಇಳಿಸುವುದೆಂದು ತೀರ್ಮಾನವಾಯಿತು. ಸಾಕ್ಷಿಗಿಟ್ಟ ಬಾಟಲಿಯನ್ನು ಸಿಂಕಿಗೆ ಸುರಿಯುವುದು ನನ್ನ ಕೆಲಸ, ಸುರಿದೆ. ಲವಂಗ, ಚಕ್ಕೆಯ ವಾಸನೆ ಕೋಣೆಯೆಲ್ಲ ತುಂಬಿತು. ಕ್ರಿಸ್ಮಸ್ ದಿನ ಮೆಸ್ಸಿನಲ್ಲಿ ಬಲೂನು ಕಟ್ಟಿ ಕೇಕು ಹಂಚಿದರು. ಅವನು ಬರಲಿಲ್ಲ. ನಾನು ತಟ್ಟೆ ಹಿಡಿದು ಬಾಗಿಲಿನವರೆಗೆ ಹೋಗಿ ಹಿಂದಿರುಗಿದೆ.

ಇಳಿದು ಹೋಗುವ ಸಿಬ್ಬಂದಿಯ ಚೀಲವನ್ನೂ ನೋಡಬೇಕು. ಇಪ್ಪತ್ತಾರರ ಬೆಳಿಗ್ಗೆ ಬಾಗಿಲಲ್ಲಿ ಮತ್ತೆ ನಾನೇ. ಬೇರೆಯವರೊಂದಿಗೆ ಪಾಳಿ ಬದಲಾಯಿಸಿಕೊಳ್ಳಬಹುದಿತ್ತು. ಕಡೇ ಪಕ್ಷ ಅಲ್ಲಾದರೂ ನಿಲ್ಲಬೇಕು ಅನ್ನಿಸಿತು. ಅವನು ಚೀಲವನ್ನು ಮೇಜಿನ ಮೇಲಿಟ್ಟು ತಾನೇ ಜಿಪ್ಪು ತೆಗೆದ. ಬಟ್ಟೆ, ಮಗಳಿಗೆ ಕೊಂಡ ಒಂದು ಗೊಂಬೆ, ಅದೇ ಟವೆಲು.

"ರಾಜ್..." ಎಂದೆ.

"ನೋಡ್ಕೊಳ್ಳಿ ಮೇಡಂ," ಎಂದ.

ಅದುವರೆಗೆ ಅವನು ನನ್ನನ್ನು ಒಂದು ದಿನವೂ ಮೇಡಂ ಎಂದಿರಲಿಲ್ಲ.

ಅದರ ನಂತರದ ಏಳು ತಿಂಗಳು ಹಡಗಿನಲ್ಲಿ ನಾನು ಕನ್ನಡ ಆಡಲಿಲ್ಲ, ಬಾಟಲಿ ಎಣಿಸುವಾಗ ನನ್ನಷ್ಟಕ್ಕೆ ಒಂದು, ಎರಡು ಎಂದುಕೊಂಡದ್ದನ್ನು ಬಿಟ್ಟರೆ. ಮಧ್ಯಾಹ್ನದ ಬಿಡುವಿನಲ್ಲಿ ಮೆಸ್ಸಿಗೆ ಹೋಗದೆ ಆ ಕಿಟಕಿಯಿಲ್ಲದ ಕೋಣೆಯಲ್ಲೇ ಕೂರುತ್ತಿದ್ದೆ. ಒಳ್ಳೆಯ ಕೆಲಸಗಾರ್ತಿ ಎಂದು ಆ ವರ್ಷ ಕಂಪನಿ ನನಗೊಂದು ಪ್ರಶಸ್ತಿಪತ್ರ ಕೊಟ್ಟಿತು. ಎಲ್ಲಿಟ್ಟೆನೋ ಗೊತ್ತಿಲ್ಲ.

ಗುರುಂಗ್ ಸಾಹೇಬರು ನಿವೃತ್ತರಾಗಿ ಹೊರಡುವ ದಿನ ನನ್ನ ಮೇಜಿನ ಹತ್ತಿರ ಬಂದು ನಿಂತರು. "ಮುಚ್ಚಳ ತೆಗೀದೆ ವೋಡ್ಕಾ ಗುರುತಿಸೋ ಹುಡುಗಿ ನೀನು. ಅಷ್ಟು ದೊಡ್ಡ ಬಾಟಲಿ ನಿನ್ನ ಕಣ್ಣು ತಪ್ಪಿಸ್ತು ಅಂದ್ರೆ ನಾನು ನಂಬ್ತೀನಾ?" ಎಂದರು.

"ಮತ್ತೆ ಯಾಕೆ ಸುಮ್ಮನಿದ್ರಿ ಸರ್?"

"ನಾನು ಒಂದು ಸಲ ಕೇಳ್ದೆ. ಎರಡನೇ ಸಲ ಕೇಳಿದ್ರೆ ಇಬ್ಬರು ಒಳ್ಳೆ ಕೆಲಸಗಾರರು ಹೋಗ್ತಿದ್ರು." ನನ್ನ ಕಡೆ ಕೈ ಚಾಚಿ, "ಅದು ಸರಿ ಲೆಕ್ಕ ಅಂತ ಆಗ ಅಂದ್ಕೊಂಡಿದ್ದೆ," ಎಂದು ಕೈ ಕುಲುಕಿ ಹೋದರು.

ಎಷ್ಟೋ ರಜೆಗಳಲ್ಲಿ ಹಲಸೂರಿನ ದಾರಿಯಲ್ಲಿ ಬಸ್ಸಿನಲ್ಲಿ ಹೋದೆ, ಇಳಿಯಲಿಲ್ಲ. ಅವನನ್ನು ಕಳಿಸಿದ ನಾಲ್ಕನೆಯ ವರ್ಷದ ಡಿಸೆಂಬರಿನಲ್ಲಿ ಇಳಿದೆ. ಮಾರ್ಕೆಟ್ಟಿನ ಹಿಂದೆ ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಬಾಗಿಲ ಮೇಲೆ ಕಾಗದದ ನಕ್ಷತ್ರ ತೂಗುತ್ತಿತ್ತು. ಬಾಗಿಲು ತೆಗೆದದ್ದು ಅವನ ತಾಯಿ. ಹಡಗಿನವಳು ಎಂದೆ, ಅಷ್ಟೇ.

"ನಮ್ ರಾಜನ್ ಜೊತೆ ಇದ್ದವಳಾ? ವಾಮ್ಮಾ, ಒಳಗ್ ಬಾ, ಕೂತ್ಕೋ!" ಎಂದು ಕೈಹಿಡಿದು ಕರೆದೊಯ್ದರು.

ಅವನು ಒಳಗಿನಿಂದ ಬಂದ. ಮಹದೇವಪುರದ ಕಡೆಯ ಒಂದು ಆಫೀಸು ಕಟ್ಟಡದಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿದ್ದನಂತೆ. ನನ್ನನ್ನು ನೋಡಿ ಬೆಚ್ಚಲಿಲ್ಲ, ಹೋಗಿ ಎನ್ನಲೂ ಇಲ್ಲ. ಎದುರಿನ ಕುರ್ಚಿಯಲ್ಲಿ ಕೂತ. ತಾಯಿಯೇ ಮಾತಾಡಿದರು.

"ಹಡಗ್ ವಿಷ್ಯ ಇವ್ನು ಏನೂ ಹೇಳಲ್ಲಮ್ಮಾ. ಜನಾನ ಕಮ್ಮಿ ಮಾಡಿಬಿಟ್ರಂತೆ, ಕಳಿಸ್ಬಿಟ್ರಂತೆ. ಒಂದ್ ಮಾತ್ರ ಹೇಳ್ದ. ನಾನ್ ಕೊಟ್ಟ ವೈನು ಕ್ರಿಸ್ಮಸ್ ದಿನ ಎಲ್ರೂ ಕುಡಿದು ಚೆನ್ನಾಗಿದೆ ಅಂದ್ರಂತಲ್ಲ! ನೀನೂ ಕುಡಿದ್ಯಾ?"

ನಾನು ಅವನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ.

"ಹ್ಞೂಂ ಅಮ್ಮಾ," ಎಂದೆ. "ತುಂಬಾ ಚೆನ್ನಾಗಿತ್ತು."

ಅವರು ಹಿಗ್ಗಿ ಒಳಗೆ ಹೋಗಿ ಸಣ್ಣ ಲೋಟದಲ್ಲಿ ಆ ವರ್ಷದ ವೈನು ತಂದು ಕೈಗಿಟ್ಟರು. ಸಾವಿರಾರು ಬಾಟಲಿ ಸುರಿದವಳು ನಾನು, ಅದುವರೆಗೆ ಒಂದು ಹನಿಯೂ ಬಾಯಿಗೆ ಹಾಕಿರಲಿಲ್ಲ. ಬೇಡ ಎನ್ನುವಂತಿರಲಿಲ್ಲ. ಅವರ ಮುಂದೆಯೇ ಪೂರ್ತಿ ಕುಡಿದೆ. ಸಿಹಿಯಾಗಿತ್ತು.

ಬಸ್ ಸ್ಟಾಪಿನವರೆಗೆ ಅವನು ಜೊತೆಗೆ ಬಂದ.

"ಅಮ್ಮಂಗೆ ಹಾಗ್ ಹೇಳಿದ್ದಕ್ಕೆ ಥ್ಯಾಂಕ್ಸ್ ಮೇಡಂ."

"ರಾಜ್, ಅವತ್ತು ನಾನು..."

"ಬಿಡಿ. ನೀವು ಹೇಳಿದ್ರೆ ಇಬ್ಬರ್ದೂ ಹೋಗ್ತಿತ್ತು. ನನಗದು ಗೊತ್ತಿತ್ತು, ಅದಕ್ಕೇ ಕೋಟ್ ಕಥೆ ಹೇಳ್ದೆ. ಅದರ ಬಗ್ಗೆ ಕೋಪ ಇಲ್ಲ." ಬಸ್ಸು ಬರುವ ಕಡೆ ನೋಡುತ್ತಲೇ ಹೇಳಿದ. "ಆದ್ರೆ ನೀವು ಹೇಳ್ತೀರಾ ಅಂತ ಒಂದ್ ನಿಮಿಷ ಕಾದೆ. ಹೇಳಿದ್ರೆ ಸಾಕಿತ್ತು, ಆಮೇಲೆ ಏನಾದ್ರೂ ಆಗ್ಲಿ ಅನ್ನಿಸ್ತಿತ್ತು. ಆ ಒಂದ್ ನಿಮಿಷ ಮಾತ್ರ ಮರೆಯಕ್ಕೆ ಆಗಿಲ್ಲ."

ಬಸ್ಸು ಬಂತು. ನಾನು ಹತ್ತಿದೆ. ಮತ್ತೆ ಬನ್ನಿ ಎಂದು ಅವನು ಹೇಳಲಿಲ್ಲ, ನಾನೂ ಮತ್ತೆ ಹೋಗಲಿಲ್ಲ.

ಹಡಗಿಗೆ ಮರಳಿದ ಮೊದಲ ವಾರವೇ ಹೊಸ ಮುಖ್ಯಾಧಿಕಾರಿಯ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ನನಗಿಂತ ತುಂಬಾ ಚಿಕ್ಕವನು, ಸಭ್ಯ. ಕೂರಿಸಿ ಕೇಳಿದ. ಕಂಪ್ಯೂಟರಿನಲ್ಲಿ ರಾಜ್‌ನ ಹೆಸರು ಹುಡುಕಿದ. ಅಷ್ಟು ಹಿಂದಿನ ದಾಖಲೆಗಳು ಹೊಸ ವ್ಯವಸ್ಥೆಗೆ ಬಂದೇ ಇಲ್ಲ ಎಂದ. ವಿಚಾರಣೆಯ ಕಾಗದವಿಲ್ಲ, ಅಂಥ ನೌಕರನಿದ್ದ ಎಂಬುದಕ್ಕೂ ಗುರುತಿಲ್ಲ.

"ಹಾಗಿದ್ರೂ ಬರ್ಕೊಳ್ಳಿ," ಎಂದೆ.

"ಎಲ್ಲಿ ಬರೀಲಿ?" ಎಂದ. ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ. ನೀರು ಕುಡಿಯಿರಿ ಎಂದು ಲೋಟ ಮುಂದಿಟ್ಟ. ಕುಡಿದು ಎದ್ದು ಬಂದೆ. ಕೆಳಗೆ ಪ್ರಯಾಣಿಕರು ಹತ್ತತೊಡಗಿದ್ದರು. ಅಲ್ಲಿಂದ ಮುಂದೆ ನಾನು ಮಾಡಿದ ಕೆಲಸದಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ.

ದಿವ್ಯಾ ಮುಂದಿನ ವಾರ ಹೊರಡುತ್ತಾಳೆ. ಗುಳ್ಳೆಯ ಗುಟ್ಟನ್ನು ಅವಳಿಗೆ ಕಲಿಸಿದ್ದೇನೆ. ಇದು ಅವಳು ಓದಲಿ ಎಂದು ಬರೆದದ್ದು. ಆರೋಗ್ಯರಾಜ್ ಬಾಟಲಿಯನ್ನು ಕೋಟಿನೊಳಗೆ ಅಡಗಿಸಿ ತರಲಿಲ್ಲ. ಚೀಲ ತೆರೆದು ನನಗೆ ತೋರಿಸಿದ್ದ. ಆ ದಿನ ಬಾಗಿಲಲ್ಲಿದ್ದವಳು ನಾನು. ನಾನು ನೋಡಿದ್ದೆ.